ಒಡ್ಡಿನ ಮೇಲಿನ ಹುಲ್ಲು

ಗೋಕಾಕ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ದಿವಸ ಊರ ಹಿರಿಯರು ಹೊಲದ ಮೇಲ್ದಲೆಯ ಮಡ್ಡಿಯಲ್ಲಿ ನಿಂತು, ಕೆಳಗೆ ಹಳ್ಳದ ದಂಡೆಯವರೆಗೂ ದೃಷ್ಟಿಯನ್ನು ಹರಿಯಿಸಿ, ಹಗ್ಗ ಹಿಡಿಸಿ, ಹೊಲವನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದನಾಗಿ ಸೀಳಿಕೊಡುತ್ತಿದ್ದರು. ಅಡ್ಡಲಾಗಿ ಸೀಳಿದರೆ ಒಬ್ಬನ ಪಾಲಿಗೆ ಬರಿಯ ಹರಳುಗಲ್ಲಿನ ಗರಸೂ ಇನ್ನೊಬ್ಬನ ಪಾಲಿಗೆ ಬರಿಯ ಕರಿಯ ಎರಿಮಣ್ಣೂ ಬಂದು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಒಬ್ಬನು ಹಗೇವಿಗೆ ಜೋಳ ತುಂಬುವವನೂ ಮತ್ತೊಬ್ಬನು ಜೋಳ ಕಡ ಕೇಳುವವನೂ ಆಗಬೇಕಾಗುವುದಷ್ಟೆ! ಆದುದರಿಂದ ಮಡ್ಡಿಯಲ್ಲಿ ಒಂದಿಷ್ಟು, ನಡುವಣ ಕೆಂಪು ಮಸಾರಿಯಲ್ಲಿ ಒಂದಿಷ್ಟು, ತಗ್ಗಿನ ಎರಿಯಲ್ಲಿ ಒಂದಿಷ್ಟು, ಹೀಗೆ ಮೂರು ತರದ ನೆಲವೂ ಎಲ್ಲರಿಗೂ ದಕ್ಕಬೇಕೆಂಬುದು ಆ ಹಂಚಿಕೆಯ ಧರ್ಮ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಸಮಂಜಸವಾದ ಕ್ರಮವನ್ನು ಕಲ್ಪಿಸುವುದು ಕಷ್ಟ. ಮಣ್ಣಿನ ದೃಷ್ಟಿಯಿಂದ ಇದಕ್ಕಿಂತ ಅನರ್ಥಕಾರಿಯಾದುದನ್ನು ಕಲ್ಪಿಸುವುದೂ ಅಷ್ಟೇ ಕಷ್ಟ. ಏಕೆಂದರೆ ಹತ್ತಿಪ್ಪತ್ತು ಮಾರು ಅಗಲದ ಪಟ್ಟಿಯಲ್ಲಿ ಎತ್ತುಗಳನ್ನು ಅಡ್ಡಡ್ಡ ಹೊಡೆದು ಹೆಜ್ಜೆಹೆಜ್ಜೆಗೆ ತಿರುಗಿಸುವ ರೈತನಿಲ್ಲ. ಅವನು ಉದ್ದಕ್ಕೇ ರಂಟೆ ಹೊಡೆಯುವನು, ಉದ್ದಕ್ಕೇ ಕುಂಟೆ ಎಳೆಯುವನು, ಉದ್ದಕ್ಕೇ ಕೂರಿಗೆ ಹೂಡುವನು. ಹೀಗಾಗಿ ಮಳೆಗಾಲಕ್ಕೆ ಮೊದಲೇ ಮಡ್ಡಿಯಿಂದ ಹಳ್ಳಕ್ಕೆ ನೂರಾರು ಸಣ್ಣ ಕಾಲುವೆಗಳು ತಾವಾಗಿಯೇ ಸಿದ್ಧವಾಗಿರುವುವು.

ಮಣ್ಣು ಹೋಗುವುದು ಅಜ್ಞಾನದಿಂದ ಎಂದು ಹೇಳುವವರಿಗೆ ಈ ಹಗ್ಗದ ಕಥೆಯನ್ನು ನಾನು ಮೊದಲು ಹೇಳುತ್ತೇನೆ. ಅದು ಅಜ್ಞಾನದಿಂದ ಹೋದುದಲ್ಲ, ನ್ಯಾಯದಿಂದ ಹೋದುದು.

ಕಳೆದ ಶತಮಾನದ ನಡುಗಾಲದಲ್ಲಿ, ಎಂದರೆ ಬೆಳಗಾವಿ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ದಿನಗಳಿಂದ ಮೊದಲ್ಗೊಂಡು ೧೯೫೬ರ ನವೆಂಬರದಲ್ಲಿ ಮೈಸೂರು ರಾಜ್ಯವನ್ನು ಸೇರಿದ ಅನಂತರದ ಹತ್ತು ಹನ್ನೆರಡು ವರ್ಷಗಳವರೆಗೆ, ಇಲ್ಲಿನ ಒಕ್ಕಲುತನದ ಸ್ವರೂಪವು ಹೇಗಿದ್ದಿತೆಂಬುದನ್ನು ತಿಳಿಯಬೇಕಾದರೆ ನೆಲದ ಓಟವನ್ನು ತುಸು ನೋಡಬೇಕು. ಸಹ್ಯಾದ್ರಿಯ ನೆತ್ತಿಯಲ್ಲಿ, ಆಂಬೋಲಿಯ ಬಳಿ, ವರ್ಷಕ್ಕೆ ಇನ್ನೂರು ಇಂಚಿಗೂ ಮಿಕ್ಕಿ ಮಳೆ ಬೀಳುವ ಕಾಡಿನಲ್ಲಿ ಹುಟ್ಟಿದ ಹಿರಣ್ಯಕೇಶಿಯು ಸಂಕೇಶ್ವರದ ಮಗ್ಗುಲಿಗೆ ಹಾಯ್ದು ಹುಕ್ಕೇರಿ ನಾಡನ್ನು ಕಳೆದು ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆಯು ಗೋಕಾಕದ ಕಲ್ಲುಗುಡ್ಡಗಳ ನಡುವೆ ೧೭೦ ಅಡಿ ಆಳಕ್ಕೆ ಧುಮುಕಿ, ಮಾರ್ಕಂಡೇಯವನ್ನು ತನ್ನೊಳಗೆ ತೆಗೆದುಕೊಂಡು, ಮೂಡಲಿಗೆ ನಡೆಯುತ್ತದೆ. ಪಡುವಣ ಹುಕ್ಕೇರಿಯಿಂದ ಮೂಡಣ ಮೂಡಲಗಿಗೆ ಬರುಬರುತ್ತ ಮಳೆ ಸೊರಗುತ್ತದೆ, ಮಣ್ಣು ಕಪ್ಪಾಗುತ್ತದೆ, ಹೊಲ ಅಗಲವಾಗುತ್ತದೆ, ಮರ ವಿರಳವಾಗುತ್ತದೆ. ಈಚೆಗೆ ಪ್ರತ್ಯೇಕ ತಾಲೂಕಾದ ಮೂಡಲಗಿ ಆಗ ಗೋಕಾಕ ತಾಲೂಕಿನ ಒಂದು ಊರು. ಧೂಪದಾಳದ ಕಾಲುವೆಯ ಕೆಳಗಿನ ಕೆಲವು ಹಳ್ಳಿಗಳನ್ನು ಬಿಟ್ಟರೆ ಉಳಿದುದೆಲ್ಲ ಆಕಾಶವನ್ನೇ ನಂಬಿದ ನಾಡು; ಮುಂಗಾರಿಗೆ ಮಸಾರಿ, ಹಿಂಗಾರಿಗೆ ಎರಿ; ಮನೆಯ ಮಂದಿಯೇ ಆಳು, ಮನೆಯ ಎತ್ತೇ ಯಂತ್ರ.

ಅಂಥ ನಾಡಿನಲ್ಲಿ ಮಳೆ ಕಡಿಮೆ ಎಂಬುದು ಒಂದು ದುಃಖವಾದರೆ, ಬಂದ ಮಳೆ ನಿಲ್ಲದೆಂಬುದು ಅದಕ್ಕಿಂತ ದೊಡ್ಡ ದುಃಖ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಆ ನೀರಿನ ತೂಕ ಸುಮಾರು ೧೦೦ ಟನ್ನು. ಬೇಸಗೆಯಲ್ಲಿ ತೋಳು ತೂರುವಷ್ಟು ಬಿರಿದುಕೊಂಡಿದ್ದ ಎರಿ ಹೊಲವು ಮೊದಲ ಮಳೆಗಳನ್ನು ಆ ಬಿರುಕುಗಳಲ್ಲಿ ಗಟಗಟನೆ ಕುಡಿಯುತ್ತದೆ. ಕುಡಿದು ಉಬ್ಬಿ ಬಿರುಕು ಮುಚ್ಚಿತೆಂದರೆ ಮುಂದಿನ ಮಳೆಯನ್ನು ಒಲ್ಲೆನೆನ್ನುತ್ತದೆ. ಆಗ ನೀರು ಮೇಲೆಯೇ ಓಡತೊಡಗುವುದು. ಓಡುವ ನೀರು ಬರಿಗೈಯಲ್ಲಿ ಹೋಗುವ ಜಾತಿಯದಲ್ಲ. ಅದು ಮೊದಲು ಎತ್ತಿಕೊಳ್ಳುವುದು ತಿಪ್ಪೆಯಿಂದ ಹೊತ್ತು ಹಾಕಿದ ಗೊಬ್ಬರವನ್ನು, ಆಮೇಲೆ ಹಿಟ್ಟಿನಂಥ ನುಣ್ಣನೆಯ ಮಣ್ಣನ್ನು, ಉಳಿಯುವುದು ಹರಳು. ಒಂದು ಎಕರೆಯಲ್ಲಿ ಒಂದು ಇಂಚಿನ ಪದರ ಮಣ್ಣೆಂದರೆ ೧೫೦ ಟನ್ನಿನ ಆಸುಪಾಸು. ಚಕ್ಕಡಿಯೊಂದಕ್ಕೆ ಅರ್ಧ ಟನ್ನು ಹಿಡಿದರೂ ೩೦೦ ಚಕ್ಕಡಿ. ವರ್ಷಕ್ಕೆ ಐದಾರು ಚಕ್ಕಡಿ ಗೊಬ್ಬರವನ್ನು ಎಕರೆಗೆ ಹೊಡೆಯಲಿಕ್ಕೆ ಏದುಸಿರು ಬಿಡುವ ಸಂಸಾರವು ಇಂಥ ನಷ್ಟವನ್ನು ಯಾವ ಜನ್ಮದಲ್ಲಿ ತುಂಬಿಕೊಟ್ಟೀತು? ಶ್ರಾವಣದಲ್ಲಿ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಿಂತು ಕೆಳಗಿನ ಕೆಂಗಂದು ರಾಶಿಯನ್ನು ನೋಡಿ ಆಹಾ ಎನ್ನುವವರಲ್ಲಿ ನಾನೂ ಒಬ್ಬನು. ಆದರೆ ಆ ಬಣ್ಣದಲ್ಲಿ ಯಾರ ಯಾರ ಹೊಲವಿದೆಯೆಂದು ಹುಕ್ಕೇರಿಯ ಒಬ್ಬ ಒಕ್ಕಲಿಗನು ಕೇಳಿದಂದಿನಿಂದ ಆ ಉದ್ಗಾರವು ಗಂಟಲಲ್ಲಿಯೇ ನಿಲ್ಲುತ್ತದೆ.

ಮಣ್ಣು ಹೀಗೆ ಹೋಗುವುದನ್ನು ತಡೆಯುವ ವಿದ್ಯೆ ಸರಕಾರದಿಂದ ಬಂದುದಲ್ಲ. ಹಳ್ಳಕ್ಕೆ ಅಡ್ಡಲಾಗಿ, ಹೊಲದ ತಗ್ಗಿನ ಮಗ್ಗುಲಿಗೆ ಒಡ್ಡು ಹಾಕುವ ಪದ್ಧತಿ ಇಲ್ಲಿ ಹಳೆಯದು. ಯುಗಾದಿ ಕಳೆದು ಹೊಲ ಬರಿದಾಗಿರುವ ಎರಡು ತಿಂಗಳಲ್ಲಿ ಈ ಕೆಲಸ. ಅನುಕೂಲಸ್ಥರು ಮಣ್ಣುಕೆಲಸದಲ್ಲಿ ನಿಷ್ಣಾತರಾದ ಒಡ್ಡರ ತಂಡವನ್ನು ಕರೆಯಿಸುವರು. ಇಲ್ಲದವರು ಗುದ್ದಲಿ, ಸಲಿಕೆ, ಬುಟ್ಟಿಗಳನ್ನು ಹಿಡಿದು ಗಂಡಹೆಂಡಿರು ತಾವೇ ಇಳಿಯುವರು. ಮೂಡಲಗಿಯ ಕಡೆ ನಾನು ಹತ್ತಿರದಿಂದ ಕಂಡ ಒಂದು ಹಳೆಯ ಒಡ್ಡು ಎದೆಯೆತ್ತರ, ಬುಡದಲ್ಲಿ ಇಬ್ಬರು ಅಡ್ಡ ಮಲಗುವಷ್ಟು ಅಗಲ. ಅದರ ಒಂದು ಕೊನೆಯಲ್ಲಿ ಸುಣ್ಣಗಾರೆಯೊಂದೂ ಇಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಕೋಡಿ. ಒಡ್ಡಿನ ಮರ್ಮವಿರುವುದು ಈ ಕೋಡಿಯಲ್ಲಿ. ಹೊಲಕ್ಕೆ ಬೇಕಾದಷ್ಟು ನೀರು ನಿಂತು, ಅದರ ಮಣ್ಣೆಲ್ಲ ತಳಕ್ಕಿಳಿದು, ಮಿಕ್ಕ ನೀರು ತಿಳಿಯಾಗಿ ಕಲ್ಲುಗಳ ಮೇಲೆ ಜಾರಿ ಕೆಳಗಿನ ಹೊಲಕ್ಕೆ ಹೋಗಬೇಕು. ಕೋಡಿಯು ಗೇಣೆತ್ತರ ಹೆಚ್ಚಾದರೆ ಪೈರು ಕೊಳೆಯುವುದು, ಗೇಣೆತ್ತರ ಕಡಿಮೆಯಾದರೆ ಮಣ್ಣು ನಿಲ್ಲದು. ವರ್ಷವರ್ಷವೂ ಹೂಳು ಕೂತಂತೆ ಕೋಡಿಯ ಮೇಲೆ ಒಂದು ಸಾಲು ಕಲ್ಲನ್ನು ಏರಿಸುತ್ತ ಬರುವರು. ಹೀಗೆ ತಂದೆಯ ಕಾಲಕ್ಕೆ ಕೊರಕಲಾಗಿದ್ದ ನೆಲವು ಮಗನ ಕಾಲಕ್ಕೆ ಜೋಳದ ಮಡಿಯಾಗುವುದು. ಇದು ಮಾಲಕನು ಮಾಡುವ ಕೆಲಸ. ವರ್ಷದ ಲಾವಣಿಗೆ ಹಾಕಿಕೊಂಡವನು, ಮುಂದಿನ ಯುಗಾದಿಗೆ ಬಿಟ್ಟುಕೊಡಬೇಕಾದ ಹೊಲಕ್ಕೆ ಏತಕ್ಕಾಗಿ ಕಲ್ಲು ಹೊತ್ತಾನು? ಮುಂಬಯಿ ಸರಕಾರವು ಇಂಥ ಲಾವಣಿದಾರರಿಗಾಗಿ ೧೯೪೮ರಲ್ಲಿ ಮಾಡಿದ ಕುಳ ಕಾಯಿದೆಯನ್ನು ಜನರು ಭೂಮಿಯ ಒಡೆತನದ ಪ್ರಶ್ನೆಯೆಂದೇ ಓದಿದರು. ಅದು ಒಡ್ಡಿನ ಪ್ರಶ್ನೆಯೂ ಆಗಿದ್ದಿತು.

ಸರಕಾರದ ಲಕ್ಷ್ಯವು ಈ ಕಡೆಗೆ ತಿರುಗಿದುದು ಬರಗಾಲಗಳ ದೆಸೆಯಿಂದ. ೧೯೩೩ರ ಸುಮಾರಿಗೆ ಸೊಲ್ಲಾಪುರ ಮತ್ತು ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಮೊದಲಾಯಿತು. ಆ ಕಾರ್ಯದಲ್ಲಿ ಆಯುಷ್ಯವನ್ನು ಸವೆಯಿಸಿದ ಕಾನಿಟ್ಕರರ ಗ್ರಂಥವು ೧೯೪೪ರಲ್ಲಿ ಪ್ರಕಟವಾಯಿತು. ಮುಂಬಯಿ ಒಣಬೇಸಾಯ ಪದ್ಧತಿಯೆಂದು ಹೆಸರಾದ ಆ ಕ್ರಮದಲ್ಲಿ ಸಮಪಾತಳಿ ಒಡ್ಡು, ಮೂರು ವರ್ಷಕ್ಕೊಮ್ಮೆ ಆಳವಾದ ಉಳುಮೆ, ತಿಪ್ಪೆಗೊಬ್ಬರ, ಕಡಿಮೆ ಬೀಜ, ಅಗಲ ಸಾಲು, ಮೇಲಿಂದ ಮೇಲೆ ಎಡೆ ಹೊಡೆಯುವುದು, ಇಷ್ಟೂ ಸೇರಿದ್ದುವು. ಇವುಗಳಲ್ಲಿ ಎಷ್ಟೋ ಸಂಗತಿಗಳು ರೈತನಿಗೆ ಹೊಸವಲ್ಲ. ಹೊಸದೆಂದರೆ ಒಡ್ಡು ಎಲ್ಲಿ ಹಾಯಬೇಕೆಂಬುದನ್ನು ದುರ್ಬೀನಿನಿಂದ ನೋಡಿ ನಿಶ್ಚಯಿಸುವುದು. ೧೯೪೨ರಲ್ಲಿ ಮುಂಬಯಿ ಪ್ರಾಂತದ ಭೂಸುಧಾರಣಾ ಯೋಜನೆಗಳ ಕಾಯಿದೆಯು ಬಂದು, ಇಡೀ ಊರಿನ ಹೊಲಗಳಿಗೆ ಒಟ್ಟಾಗಿ ಒಡ್ಡು ಹಾಕಿಸಿ, ಅದರ ವೆಚ್ಚವನ್ನು ಭೂಮಿಯ ಒಡೆಯರಿಂದ ಕಂತುಗಳಲ್ಲಿ ವಸೂಲು ಮಾಡುವ ಅಧಿಕಾರವು ಸರಕಾರಕ್ಕೆ ದೊರೆಯಿತು. ೧೯೫೨ರಿಂದ ಸಮುದಾಯ ಅಭಿವೃದ್ಧಿಯ ಗ್ರಾಮಸೇವಕರು ಸಾಯಕಲ್ಲಿನ ಮೇಲೆ ಬಂದರು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಭೂಸಂರಕ್ಷಣೆಯ ಸಂಶೋಧನ ಕೇಂದ್ರವು ತೆರೆಯಿತು. ೧೯೬೧ರಲ್ಲಿ ಮೈಸೂರು ರಾಜ್ಯವೂ ತನ್ನದೇ ಭೂಸುಧಾರಣೆಯ ಕಾನೂನನ್ನು ಮಾಡಿತು.

ಈಗ ಆ ಹಗ್ಗವನ್ನು ನೆನೆಯಬೇಕು. ದುರ್ಬೀನಿನ ಗೆರೆಯು ನೆಲದ ಮಟ್ಟವನ್ನು ಹಿಡಿದು ಹಾವಿನಂತೆ ಅಡ್ಡಡ್ಡಲಾಗಿ ಸಾಗುವುದು. ಹಿರಿಯರ ಹಗ್ಗದ ಗೆರೆಯು ನೆಟ್ಟಗೆ ಮೇಲಿನಿಂದ ಕೆಳಗಿಳಿದಿರುವುದು. ಎರಡೂ ಕೂಡುವಲ್ಲಿ ಒಂದೊಂದು ಜಗಳ. ಒಬ್ಬನ ಪಟ್ಟಿಯ ಎರಡು ಮೂಲೆಗಳು ತುಂಡಾಗಿ ಕೂರಿಗೆ ತಿರುಗದಂತಾಗುವುದು. ಇನ್ನೊಬ್ಬನ ಪಟ್ಟಿಯಲ್ಲಿ ಒಡ್ಡೇ ಎರಡು ಗುಂಟೆಯನ್ನು ನುಂಗುವುದು. ಮತ್ತೊಬ್ಬನ ಪಾಲಿಗೆ ಎಲ್ಲರ ನೀರೂ ಬಂದು ಕೋಡಿ ಬೀಳುವುದು. ಕಾಗದದ ಮೇಲೆ ನೂರು ಎಕರೆ ಒಂದೇ ಹೊಲ. ನೆಲದ ಮೇಲೆ ಅದು ನಲವತ್ತು ಮನೆತನಗಳ ಮಾನ. ಹೀಗೆ ಹಾಕಿದ ಒಡ್ಡುಗಳಲ್ಲಿ ಎಷ್ಟನ್ನೋ ರೈತರು ಪ್ರತಿವರ್ಷವೂ ಒಂದೊಂದು ಸಾಲು ರಂಟೆಗೆ ಕೊಟ್ಟು, ಸದ್ದಿಲ್ಲದೆ ಸವೆಯಿಸಿ, ಹತ್ತು ವರ್ಷಕ್ಕೆ ಹೊಲದೊಳಗೇ ಕರಗಿಸಿಬಿಟ್ಟರು.

ಜಗಳವೊಂದೇ ಕಾರಣವಲ್ಲ. ಮಸಾರಿಯಲ್ಲಿಯೂ ಮಡ್ಡಿಯಲ್ಲಿಯೂ ಸಮಪಾತಳಿ ಒಡ್ಡು ಚೆನ್ನಾಗಿ ನಡೆಯಿತು. ಏಕೆಂದರೆ ಆ ನೆಲವು ನಿಂತ ನೀರನ್ನು ಕುಡಿಯಬಲ್ಲುದು. ಆಳವಾದ ಎರಿಯಲ್ಲಿ ಹಾಗಲ್ಲ. ಎರಿಮಣ್ಣಿನ ಒಡ್ಡು ಬೇಸಗೆಯಲ್ಲಿ ಹೊಲದಂತೆಯೇ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕನ್ನು ಹುಡುಕಿಕೊಂಡು ಬಂದು ಒಂದೇ ರಾತ್ರಿಯಲ್ಲಿ ಒಡ್ಡನ್ನು ಒಡೆಯುತ್ತದೆ. ಒಡೆಯದಿದ್ದರೆ ಒಳಗೆ ನಿಂತ ನೀರು ವಾರಗಟ್ಟಲೆ ಇಂಗದೆ ಪೈರನ್ನು ಹಳದಿ ಮಾಡುತ್ತದೆ. ಆಳವಾದ ಕರಿಮಣ್ಣಿನಲ್ಲಿ ನೀರನ್ನು ಕಟ್ಟಿಹಾಕುವುದಕ್ಕಿಂತ ಒಡ್ಡಿಗೆ ತುಸು ಇಳಿಜಾರು ಕೊಟ್ಟು, ನಿಧಾನವಾಗಿ ನಡೆಯಿಸಿ, ಹುಲ್ಲು ಬೆಳೆದ ಕಾಲುವೆಯೊಂದಕ್ಕೆ ಮುಟ್ಟಿಸುವುದೇ ಮೇಲೆಂದು ಮುಂದೆ ಸಂಶೋಧಕರೇ ಒಪ್ಪಿದರು. ಹುಲ್ಲು ಬೆಳೆದ ಕಾಲುವೆ ಎಂಬ ಮಾತನ್ನು ಅವರು ತೀರ ಸಹಜವಾಗಿ ಬರೆದುಬಿಡುತ್ತಾರೆ. ದನ ತಿನ್ನದಂತೆ ಆ ಹುಲ್ಲನ್ನು ಕಾಯುವವರಾರು ಎಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.

ಹುಲ್ಲಿನ ಮಾತು ಇಲ್ಲಿ ಅಕಸ್ಮಾತ್ತಾಗಿ ಬಂದುದಲ್ಲ. ಮೂಡಲಗಿಯ ಆ ಹಳೆಯ ಒಡ್ಡಿನ ಮೇಲೆ ಕೂತಿದ್ದ ಹಿರಿಯನೊಬ್ಬನನ್ನು ನಾನು ಕೇಳಿದೆನು:

"ಅಜ್ಜಾರ, ಸುತ್ತಲಿನ ಒಡ್ಡೆಲ್ಲಾ ಹೋಗ್ಯಾವ, ಇದೊಂದ ಹ್ಯಾಂಗ ಉಳೀತ್ರಿ?"

"ಇದರ ಮ್ಯಾಲ ಹುಲ್ಲ ಐತಲ್ಲಪಾ ತಮ್ಮಾ. ಮುಂಜಾನೆದ್ದು ಎಮ್ಮಿಗಿ ಹುಲ್ಲ ಬೇಕಾದಾಂವ ಒಡ್ಡ ಕೆಡಸ್ತಾನೇನು?"

ಮಧ್ಯಶತಮಾನದ ಭೂಸಂರಕ್ಷಣೆಯ ಗುಣದೋಷಗಳ ವಿಷಯದಲ್ಲಿ ಇದಕ್ಕಿಂತ ತೂಕದ ವಿಮರ್ಶೆಯನ್ನು ನಾನು ಓದಿಲ್ಲ. ಸರಕಾರದ ಲೆಕ್ಕದಲ್ಲಿ ಮಣ್ಣು ಒಂದು ಖಾತೆ, ಮೇವು ಇನ್ನೊಂದು ಖಾತೆ. ಒಕ್ಕಲಿಗನ ಮನೆಯಲ್ಲಿ ಇವೆರಡೂ ಒಂದೇ ಹೊರೆಯಲ್ಲಿ ಬರುವುವು. ಹುಲ್ಲಿನ ಬೇರು ಒಡ್ಡನ್ನು ಹಿಡಿಯುತ್ತದೆ, ಹುಲ್ಲಿನ ಆಸೆಯು ಒಕ್ಕಲಿಗನನ್ನು ಹಿಡಿಯುತ್ತದೆ. ಬೋಳಾದ ಒಡ್ಡೆಂದರೆ ಅವನಿಗೆ ಕಳೆದುಹೋದ ಎರಡು ಗುಂಟೆ ನೆಲವಷ್ಟೇ. ಕರಕಿಯಾದರೂ ಹಬ್ಬಿದ ಒಡ್ಡು, ಅದು ಹೊಲಕ್ಕಿಳಿದೀತೆಂಬ ಭಯವಿದ್ದರೂ, ಮಳೆಗಾಲದ ನಾಲ್ಕು ತಿಂಗಳು ದಿನಕ್ಕೊಂದು ಹೊರೆ ಹಸಿಮೇವು.

ದನಗಳ ಸಂಖ್ಯೆ ಹೆಚ್ಚು, ಮೇವು ಕಡಿಮೆ ಎಂಬ ಕೊರಗು ಆಗಲೇ ಹಳೆಯದಾಗಿದ್ದಿತು. ಲಿನ್‌ಲಿಥ್‌ಗೋ ಅಧ್ಯಕ್ಷತೆಯ ರಾಯಲ್ ವ್ಯವಸಾಯ ಆಯೋಗವು ೧೯೨೮ರ ತನ್ನ ವರದಿಯಲ್ಲಿ ಒಂದು ವಿಷಚಕ್ರವನ್ನು ತೋರಿಸಿಕೊಟ್ಟಿತು: ಮೇವು ಕೆಟ್ಟಷ್ಟೂ ಎತ್ತು ಬಡಕಲಾಗುವುದು, ಒಂದು ಜೋಡಿ ಎಳೆಯಬೇಕಾದುದಕ್ಕೆ ಎರಡು ಜೋಡಿ ಬೇಕಾಗುವುದು, ಅವುಗಳಿಗಾಗಿ ಹಸುಗಳನ್ನು ಇನ್ನಷ್ಟು ಸಾಕಬೇಕಾಗುವುದು, ಮೇವು ಮತ್ತಷ್ಟು ಕೆಡುವುದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಎರಿ ಬಯಲಿನಲ್ಲಿ ಭಾರದ ರಂಟೆಗೆಂದೇ ಹತ್ತೊಂಬತ್ತನೆಯ ಶತಮಾನದ ಸಂಸ್ಥಾನಿಕರು ಬೆರಕೆ ಮಾಡಿ ಬೆಳೆಯಿಸಿದ ಕೃಷ್ಣಾ ತೀರದ ತಳಿಯ ಎತ್ತು, ಆನೆಯ ಮರಿಯಂಥ ಮೈಯುಳ್ಳದ್ದು, ಈ ಚಕ್ರಕ್ಕೆ ಒಂದು ಉತ್ತರವಾಗಿದ್ದಿತು. ಆದರೆ ಅದನ್ನು ಸಾಕಲಿಕ್ಕೆ ಬಣವೆ ತುಂಬ ಕಣಿಕೆ ಬೇಕು. ಆದಕಾರಣವೇ ಇಲ್ಲಿನ ಒಕ್ಕಲಿಗನು ಜೋಳದ ತಳಿಯನ್ನು ಆರಿಸುವಾಗ ತೆನೆಯನ್ನು ನೋಡಿದಂತೆಯೇ ದಂಟನ್ನೂ ನೋಡುವನು.

ಉಳಿದುದು ಊರ ಗಾಯರಾಣ. ಹಳೆಯ ಮೈಸೂರಿನವರು ಗೋಮಾಳವೆನ್ನುವುದನ್ನು ಇಲ್ಲಿ ಗಾಯರಾಣವೆನ್ನುವರು. ಎಲ್ಲರದೂ ಆದುದರಿಂದ ಯಾರದೂ ಅಲ್ಲದ ಆ ನೆಲದಲ್ಲಿ ರೋಹಿಣಿ ಮಳೆಗೆ ಚಿಗುರು ಕಾಣುವಷ್ಟರಲ್ಲಿ ಊರ ದನವೆಲ್ಲ ಏರುವುದು. ರುಚಿಯಾದ ಹುಲ್ಲು ಹೂವು ಕಾಣುವ ಮೊದಲೇ ಮುಗಿಯುವುದು, ರುಚಿಯಿಲ್ಲದುದು ಬೀಜ ಉದುರಿಸಿ ಮರುವರ್ಷಕ್ಕೆ ತನ್ನ ವಂಶವನ್ನು ಬೆಳೆಯಿಸುವುದು. ಕಡೆಗೆ ಕುರಿಯ ಉಣ್ಣೆಯಲ್ಲಿಯೂ ಚರ್ಮದಲ್ಲಿಯೂ ನಾಟಿಕೊಳ್ಳುವ ಈಟಿಯಂಥ ಊಬಿನ ಹುಲ್ಲೊಂದೇ ಉಳಿಯುವುದು. ಅದೂ ಹೋದರೆ ಗರಸು. ಪುಣೆಯ ಬಳಿಯ ಭಾಂಬುರ್ಡೆಯ ಹುಲ್ಲುಗಾವಲಿನಲ್ಲಿ ಮುಂಬಯಿ ಪ್ರಾಂತದ ಸಸ್ಯಶಾಸ್ತ್ರಜ್ಞ ಬರ್ನ್ಸ್ ಮತ್ತು ಅವರ ಸಂಗಡಿಗರು ೧೯೨೦ರ ದಶಕದಿಂದ ಇದನ್ನೇ ಪರೀಕ್ಷಿಸುತ್ತ ಬಂದಿದ್ದರು. ಹುಲ್ಲುಗಾವಲಿನ ಸುಧಾರಣೆಯೆಂಬುದರಲ್ಲಿ ರಹಸ್ಯವೇನೂ ಇಲ್ಲ. ನೆಲವನ್ನು ಭಾಗ ಮಾಡಿ, ಮಳೆ ಹಿಡಿದಲ್ಲಿಂದ ಬೀಜ ಉದುರುವವರೆಗೆ ಒಂದು ಭಾಗಕ್ಕೆ ದನ ಬಿಡದಿರಬೇಕು. ಇಳಿಜಾರಿಗೆ ಅಡ್ಡಲಾಗಿ ಮೊಳದಾಳದ ಕಿರುಗಾಲುವೆಗಳನ್ನು ತೋಡಿ ನೀರನ್ನು ತಡೆಯಬೇಕು. ಊಬು ಬಲಿಯುವ ಮೊದಲೇ ಆ ಹುಲ್ಲನ್ನು ಕೊಯ್ಯಬೇಕು. ಮಾರ್ವೇಲ್, ಅಂಜನದಂಥ ಒಳ್ಳೆಯ ಹುಲ್ಲುಗಳ ಬೀಜವನ್ನು ಚೆಲ್ಲಬೇಕು. ಇಷ್ಟು ಮಾಡಿದರೆ ಎರಡು ಮೂರು ಮಳೆಗಾಲದಲ್ಲಿ ಹುಲ್ಲಿನ ಜಾತಿಯೇ ಬದಲಾಗುವುದು. ಕಠಿಣವಾದುದು ಇದರಲ್ಲಿ ಒಂದೇ, ಆ ದನ ಬಿಡದಿರುವುದು. ಮೂರು ಎಮ್ಮೆಯುಳ್ಳವನೂ ಒಂದು ಮೇಕೆಯುಳ್ಳ ವಿಧವೆಯೂ ಒಂದೇ ದಿನ ಒಪ್ಪಬೇಕು; ಒಪ್ಪಿದ ಊರುಗಳು ಇದ್ದುವು, ಬಹಳ ಇರಲಿಲ್ಲ.

ಇದೇ ದಶಕಗಳಲ್ಲಿ ಜಗತ್ತಿನ ಇತರ ಭಾಗಗಳಲ್ಲಿಯೂ ಸಣ್ಣ ದೊಡ್ಡ ಒಕ್ಕಲುಗಳು ಮಣ್ಣು-ಹುಲ್ಲುಗಳ ಚಿಂತೆಯಲ್ಲಿಯೇ ಇದ್ದುವು. ಧೂಳಿನ ಬಿರುಗಾಳಿಗಳಿಂದ ತತ್ತರಿಸಿದ ಅಮೆರಿಕದಲ್ಲಿ ೧೯೩೫ರಲ್ಲಿ ಹ್ಯೂ ಬೆನೆಟ್ಟರ ನೇತೃತ್ವದಲ್ಲಿ ಭೂಸಂರಕ್ಷಣೆಯ ಇಲಾಖೆಯೇ ಹುಟ್ಟಿತು. ನ್ಯೂಜಿಲೆಂಡಿನಲ್ಲಿ ೧೯೪೯ರಿಂದ ವಿಮಾನಗಳು ಗುಡ್ಡಗಾಡಿನ ಕುರಿಗಾವಲುಗಳ ಮೇಲೆ ರಂಜಕದ ಗೊಬ್ಬರವನ್ನು ಎರಚತೊಡಗಿದುವು. ನಮ್ಮಲ್ಲಿ ಆ ಕೆಲಸವನ್ನು ಕುರಿಯೇ ಮಾಡುತ್ತಿದ್ದಿತು, ಅದೂ ನೆಲದ ಮೇಲೆ ನಿಂತು. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರ ಹಿಂಡನ್ನು ರಾತ್ರಿ ತರುಬಿಸಿ, ಪ್ರತಿಯಾಗಿ ಜೋಳವನ್ನೋ ರೊಕ್ಕವನ್ನೋ ಕೊಡುವ ಪದ್ಧತಿ ಇಂದಿಗೂ ಉಂಟು. ಬೆಳಗಾಗುವಷ್ಟರಲ್ಲಿ ಹೊಲದ ಮೇಲೆ ಹಿಕ್ಕೆಯ ಕರಿಯ ಹಾಸು. ಅದರ ಮೇಲೆ ಕೂಡಲೇ ಕುಂಟೆ ಹೊಡೆಯದಿದ್ದರೆ ಸತ್ತ್ವವೆಲ್ಲ ಬಿಸಿಲ ಪಾಲೆಂದು ಮುದುಕರು ಗದರಿಸುವರು. ಒಡ್ಡಿಲ್ಲದ ಹೊಲದಲ್ಲಿ ಕುರಿ ತರುಬಿಸಿದರೆ ಆ ಗೊಬ್ಬರವು ಮೊದಲ ಮಳೆಗೆ ಕೆಳಗಿನವನ ಹೊಲಕ್ಕೆ ನಡೆಯುವುದೆಂಬುದನ್ನೂ ಅವರು ಬಲ್ಲರು.

ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ಧೂಪದಾಳದ ಒಡ್ಡಿನಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಹೊರಟಿದ್ದ ಕಾಲುವೆಯು ಸ್ವಾತಂತ್ರ್ಯಾನಂತರ ಘಟಪ್ರಭಾ ಯೋಜನೆಯಾಗಿ ದೂರದೂರಕ್ಕೆ ಹಬ್ಬಿತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ, ಈಗ ರಾಜಾ ಲಖಮಗೌಡರ ಹೆಸರನ್ನು ಹೊತ್ತಿರುವ ಅಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ನೀರು ಬಂದಲ್ಲಿ ಕಬ್ಬು ಬಂದಿತು; ಕಬ್ಬು ಬಂದಲ್ಲಿ ಟ್ರ್ಯಾಕ್ಟರು ಬಂದಿತು; ಟ್ರ್ಯಾಕ್ಟರು ತಿರುಗಲಿಕ್ಕೆ ಅಡ್ಡಿಯಾದ ಒಡ್ಡುಗಳು ನೆಲಸಮವಾದುವು; ಕೃಷ್ಣಾ ತೀರದ ಎತ್ತುಗಳನ್ನು ಕಾಣಬೇಕಾದರೆ ಈಗ ಹುಡುಕಿಕೊಂಡು ಹೋಗಬೇಕು. ಮೊದಲು ನೀರು ನಿಲ್ಲದೆ ಕೆಟ್ಟ ಎರಿಯು ಈಗ ನೀರು ಹೋಗದೆ ಕೆಡತೊಡಗಿತು. ಹೊಲದ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ಉಪ್ಪಿನ ಪೊರೆಯನ್ನು ಸವಳೆಂದೂ, ಕಾಲಿಟ್ಟರೆ ಪಚಪಚನೆನ್ನುವ ನೆಲವನ್ನು ಜವಳೆಂದೂ ಇಲ್ಲಿನವರು ಕರೆಯುವರು. ಸವಳು-ಜವಳು ಎಂಬ ಆ ಜೋಡುಪದವನ್ನು ಈಗ ಶಾಲೆಯ ಹುಡುಗರೂ ಬಲ್ಲರು. ಕಬ್ಬಿನ ಸೋಗೆ ಸಿಗುವಾಗ ಗಾಯರಾಣದ ಹುಲ್ಲನ್ನು ಕೇಳುವವರಾರು? ಕೇಳುವವರಿಲ್ಲದ ಗಾಯರಾಣವು ಒಂದು ಮೂಲೆಯಲ್ಲಿ ಆಶ್ರಯದ ಮನೆಯಾಗಿ, ಮತ್ತೊಂದು ಮೂಲೆಯಲ್ಲಿ ಒತ್ತುವರಿಯ ಹೊಲವಾಗಿ, ಹಲವೆಡೆ ಹೆಸರಿಗಷ್ಟೇ ಉಳಿದಿದೆ. ಆದರೆ ಕಾಲುವೆಯು ಏರಲಾರದ ಮಡ್ಡಿಗಳು ಹುಕ್ಕೇರಿಯ ಮೇಲ್ಗಡೆಯೂ ಗೋಕಾಕದ ಗುಡ್ಡಗಳ ಬೆನ್ನಲ್ಲಿಯೂ ಇನ್ನೂ ಇವೆ. ಅಲ್ಲಿ ಈಗಲೂ ರೋಹಿಣಿಗೆ ಆಕಾಶ ನೋಡುವ ಮನೆಗಳಿವೆ, ಅಲ್ಲಿ ಒಡ್ಡುಗಳೂ ಇವೆ.

ಮೂಡಲಗಿಯ ಆ ಒಡ್ಡು ಇಬ್ಬರು ದಾಯಾದಿಗಳ ಪಟ್ಟಿಗಳನ್ನು ಅಡ್ಡ ಹಾಯ್ದಿದೆ. ತಂದೆಯ ಕಾಲದಲ್ಲಿ ಒಟ್ಟಿಗಿದ್ದ ಹೊಲ ಸೀಳಿಹೋದಾಗ ಹಗ್ಗವು ಒಡ್ಡಿನ ಮೇಲೆಯೂ ಬಿದ್ದಿತಂತೆ; ಆದರೆ ನೀರಿಗೆ ಆ ಹಗ್ಗ ಕಾಣಿಸಲಿಲ್ಲವಾದುದರಿಂದ, ಕೋಡಿ ಒಬ್ಬನ ಕಡೆಗೂ ನಿಂತ ನೀರು ಇನ್ನೊಬ್ಬನ ಕಡೆಗೂ ಉಳಿದುವು. ಇಬ್ಬರೂ ಆರು ವರ್ಷ ಮಾತಿಲ್ಲದೆ ಇದ್ದರು; ಕಡೆಗೆ ಊರ ಹಿರಿಯರು ಕೂತು ಬಗೆಹರಿಸಿದರು: ಕೋಡಿಯ ಕಲ್ಲನ್ನು ಇಬ್ಬರೂ ಕೂಡಿ ಏರಿಸತಕ್ಕದ್ದು, ಒಡ್ಡಿನ ಒಳಮೈಯ ಹುಲ್ಲು ಹಿರಿಯನ ಮನೆಗೆ, ಹೊರಮೈಯ ಹುಲ್ಲು ಕಿರಿಯನ ಮನೆಗೆ. ನಾನು ಹೋದ ದಿನ ಎರಡು ಮನೆಗಳ ಸೊಸೆಯರು ಕುಡುಗೋಲು ಹಿಡಿದು ಒಡ್ಡಿನ ಎರಡು ಮೈಗಳಲ್ಲಿ ಬೆನ್ನಿಗೆ ಬೆನ್ನಾಗಿ ಕೊಯ್ಯುತ್ತಿದ್ದರು. "ಅಕ್ಕಾ, ಮ್ಯಾಲಿನ ನೆತ್ತಿ ಯಾರದ?" ಎಂದು ಕಿರಿಯವಳು ಕೇಳಿದಳು. ನೆತ್ತಿಯ ವಿಷಯ ತೀರ್ಪಿನಲ್ಲಿ ಬಂದಿರಲಿಲ್ಲವೆಂದು ತೋರುತ್ತದೆ; ಹಿರಿಯವಳು ನಕ್ಕು, "ಮೊದಲ ಬಂದಾಕಿದು ತಗೀ" ಎಂದಳು.